ಲಸಿಕೆಗೆ ಒಪ್ಪಿಗೆ, ಬಾಂಬಿಗೆ ನಿರಾಕರಣೆ

ಉತ್ತರ ಭಾರತದ ಕೋತಿಗಳಿಗೂ ಅಮೆರಿಕದ ಮಕ್ಕಳಿಗೂ ಒಂದು ಕಾಲದಲ್ಲಿ ವಿಚಿತ್ರ ನಂಟಿತ್ತು. 1950ರ ದಶಕದ ಆರಂಭದಲ್ಲಿ ಬೇಸಿಗೆ ಬಂತೆಂದರೆ ಅಲ್ಲಿನ ತಂದೆತಾಯಿಗಳಿಗೆ ಪೋಲಿಯೊ ಭಯ. ಸಾವಿರಾರು ಮಕ್ಕಳು ಕೈಕಾಲಿನ ಸ್ವಾಧೀನ ಕಳೆದುಕೊಳ್ಳುತ್ತಿದ್ದರು. ಜೋನಾಸ್ ಸಾಲ್ಕ್ ರೂಪಿಸಿದ ಲಸಿಕೆ ಪರಿಣಾಮಕಾರಿ ಎಂಬ ಸುದ್ದಿ 1955ರ ಏಪ್ರಿಲ್ 12ರಂದು ಹೊರಬಿದ್ದಾಗ ಇಡೀ ದೇಶ ಸಂಭ್ರಮಿಸಿತು.

ಆ ಲಸಿಕೆಗೆ ಬೇಕಾದ ವೈರಾಣುವನ್ನು ಬೆಳೆಸುತ್ತಿದ್ದುದು ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ. ತಯಾರಾದ ಲಸಿಕೆ ಸುರಕ್ಷಿತವೇ ಎಂದು ಪರೀಕ್ಷಿಸುವುದಕ್ಕೂ ಕೋತಿಯೇ ಬೇಕಿತ್ತು. ಇದಕ್ಕಾಗಿ ಹಡಗು, ವಿಮಾನಗಳಲ್ಲಿ ಹೋದದ್ದು ಭಾರತದ ರೀಸಸ್ ಕೋತಿಗಳು. ದಶಕದ ಕೊನೆಯ ವೇಳೆಗೆ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಕೋತಿಗಳು ದೇಶ ಬಿಡುತ್ತಿದ್ದವು.

ಈ ವ್ಯಾಪಾರ ನಿರಾತಂಕವಾಗಿ ನಡೆಯಲಿಲ್ಲ. 1955ರಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ನೂರಾರು ಕೋತಿಗಳು ಉಸಿರುಕಟ್ಟಿ ಸತ್ತವು. ಭಾರತ ರಫ್ತನ್ನು ನಿಲ್ಲಿಸಿತು. ಲಸಿಕೆ ತಯಾರಿಕೆಗೇ ಕುತ್ತು ಬರುವುದೆಂದು ಕಂಡ ಅಮೆರಿಕ ಮಾತುಕತೆಗೆ ಮುಂದಾಯಿತು. ಕೋತಿಗಳನ್ನು ಪೋಲಿಯೊ ಲಸಿಕೆಗೆ ಮತ್ತು ವೈದ್ಯಕೀಯ ಸಂಶೋಧನೆಗೆ ಮಾತ್ರ ಬಳಸುವುದಾಗಿ ಮಾತು ಕೊಟ್ಟ ಮೇಲೆ ರಫ್ತು ಮತ್ತೆ ಆರಂಭವಾಯಿತು.

ದೇಶದೊಳಗೂ ಒಮ್ಮತವಿರಲಿಲ್ಲ. ಭಕ್ತನಿಗೆ ಕೋತಿ ಹನುಮಂತನ ವಂಶ. ಬೆಳೆ ಕಳೆದುಕೊಂಡ ರೈತನಿಗೆ ಅದು ಪೀಡೆ. ಸರ್ಕಾರಕ್ಕೆ ವಿದೇಶಿ ವಿನಿಮಯ. ಪ್ರಾಣಿಗಳ ಪರವಾಗಿ ರಾಜ್ಯಸಭೆಯಲ್ಲಿ ದನಿ ಎತ್ತಿದವರು ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್. ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಪ್ರಯೋಗಗಳನ್ನು ನಿಷೇಧಿಸಲಿಲ್ಲ. ಜೀವ ಉಳಿಸುವ, ನೋವು ನೀಗಿಸುವ, ರೋಗ ಎದುರಿಸುವ ಜ್ಞಾನಕ್ಕಾಗಿ ನಡೆಯುವ ಪ್ರಯೋಗ ಕಾನೂನುಬಾಹಿರವಲ್ಲ ಎಂದಿತು. ಅನಗತ್ಯ ನೋವು ತಪ್ಪಿಸಲು ಸಮಿತಿಯೊಂದಕ್ಕೆ ಅವಕಾಶ ಕಲ್ಪಿಸಿತು.

ಕೊಟ್ಟ ಮಾತು ಮುರಿದಿದೆ ಎಂಬ ಆರೋಪ ಎದ್ದದ್ದು 1977ರಲ್ಲಿ. ಅಮೆರಿಕದ ಬೆಥೆಸ್ಡಾದಲ್ಲಿರುವ ಸೇನಾ ಸಂಶೋಧನಾ ಸಂಸ್ಥೆಯಲ್ಲಿ ರೀಸಸ್ ಕೋತಿಗಳನ್ನು ವಿಕಿರಣಕ್ಕೆ ಒಡ್ಡಿ, ವಿದ್ಯುತ್ ಆಘಾತದ ಭಯದಲ್ಲಿ ಓಡಿಸಲಾಗುತ್ತಿತ್ತು. ನ್ಯೂಟ್ರಾನ್ ಬಾಂಬಿಗೆ ಸಿಲುಕಿದ ಸೈನಿಕ ಎಷ್ಟು ಹೊತ್ತು ಕೆಲಸ ಮಾಡಬಲ್ಲ ಎಂದು ತಿಳಿಯುವುದು ಉದ್ದೇಶ. ಪ್ರಾಣಿ ರಕ್ಷಣಾ ಕಾರ್ಯಕರ್ತೆ ಶರ್ಲಿ ಮೆಕ್‌ಗ್ರೀಲ್ ಇದನ್ನು ಭಾರತದ ಗಮನಕ್ಕೆ ತಂದರು. ಸಸ್ಯಾಹಾರಿ, ಗಾಂಧೀವಾದಿ ಮೊರಾರ್ಜಿ ದೇಸಾಯಿ ಆಗ ಪ್ರಧಾನಿ. 1978ರ ಏಪ್ರಿಲ್ 1ರಿಂದ ರಫ್ತು ಸಂಪೂರ್ಣ ನಿಂತಿತು. ಅಮೆರಿಕ ಕೋತಿಗಳನ್ನು ತನ್ನಲ್ಲೇ ಸಾಕುವ ಕೇಂದ್ರಗಳನ್ನು ಹೆಚ್ಚಿಸಿಕೊಂಡಿತು.

ಇಲ್ಲೊಂದು ಸೂಕ್ಷ್ಮವಿದೆ. ಪಂಜರದೊಳಗಿನ ಕೋತಿಗೆ ಲಸಿಕೆಯೂ ಒಂದೇ, ಬಾಂಬೂ ಒಂದೇ, ನೋವು ನೋವೇ. ವ್ಯತ್ಯಾಸ ಕಂಡದ್ದು ಮನುಷ್ಯನ ಕಣ್ಣಿಗೆ. ಮಗುವಿನ ಕಾಲು ಉಳಿಸುವುದಾದರೆ ಸಹಿಸಬಹುದು, ಕೊಲ್ಲುವ ಅಸ್ತ್ರಕ್ಕಾದರೆ ಸಲ್ಲದು ಎಂಬ ಗೆರೆಯನ್ನು ಎಳೆದದ್ದು ವಿಜ್ಞಾನವಲ್ಲ, ಮೌಲ್ಯ. ವಿಜ್ಞಾನ ಪ್ರಯೋಗದ ಫಲವನ್ನು ಹೇಳೀತು. ಅದಕ್ಕೆ ತೆರುವ ಬೆಲೆ ನ್ಯಾಯವೇ ಎಂದು ಹೇಳಲಾರದು. ಹಾಗೆಂದು ಮೌಲ್ಯ ಕೇವಲ ಅವರವರ ಇಷ್ಟಾನಿಷ್ಟವೂ ಅಲ್ಲ. ಅದಕ್ಕೆ ಕಾರಣ ಕೊಡಬೇಕಾಗುತ್ತದೆ. ಕೊಟ್ಟ ಮಾತಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಆ ಲೆಕ್ಕದಿಂದ ಭಾರತವೂ ಹೊರತಲ್ಲ. ಇಲ್ಲಿನ ಮಕ್ಕಳ ಬಾಯಿಗೆ ಬಿದ್ದ ಪೋಲಿಯೊ ಹನಿಯ ಹಿಂದೆಯೂ ಕೋತಿಗಳ ಮೇಲಿನ ಪ್ರಯೋಗಗಳಿದ್ದವು; 2014ರಲ್ಲಿ ದೇಶ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. 2020ರಲ್ಲಿ ಕೋವಿಡ್ ಬಂದಾಗ ಕೋವ್ಯಾಕ್ಸಿನ್ ಲಸಿಕೆಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಪರೀಕ್ಷಿಸಿದ್ದು 20 ರೀಸಸ್ ಕೋತಿಗಳ ಮೇಲೆ. ಲಕ್ಷ ಇಪ್ಪತ್ತಕ್ಕೆ ಇಳಿದಿರಬಹುದು, ಆದರೆ ಯಾವ ಕಾರಣಕ್ಕೆ ಎಂಬ ಪ್ರಶ್ನೆ ಆ ಇಪ್ಪತ್ತರಲ್ಲಿ ಪ್ರತಿಯೊಂದಕ್ಕೂ ಅನ್ವಯಿಸುತ್ತದೆ.