ಮಡಿಯ ತೀರ್ಪು

ಹೆಣ್ಣು ಸಾರ್ವಜನಿಕ ಕೆಲಸಕ್ಕೆ ಬರಬೇಕು ಅಂತ ಸರ್ಕಾರಗಳು ಕರೆ ಕೊಡುತ್ತಲೇ ಇರುತ್ತವೆ. ಹಾಗೆ ಬಂದವಳಿಗೆ ಏಟು ಬಿದ್ದಾಗ ಕರೆದವರು ಎಲ್ಲಿರುತ್ತಾರೆ? ಕೇಳಬೇಕಾದರೆ ರಾಜಸ್ಥಾನದ ಭತೇರಿ ಹಳ್ಳಿಯ ಭಂವರಿ ದೇವಿಯ ಚರಿತ್ರೆ ಕೇಳಬೇಕು.

1984ರಲ್ಲಿ ರಾಜಸ್ಥಾನ ಸರ್ಕಾರ ಮಹಿಳಾ ಅಭಿವೃದ್ಧಿ ಕಾರ್ಯಕ್ರಮ ಶುರುಮಾಡಿತು. ಹಳ್ಳಿಯ ಹೆಂಗಸರಲ್ಲೇ ಒಬ್ಬಳನ್ನು ಆರಿಸಿ 'ಸಾಥಿನ್' ಅಂದರು. ಗೆಳತಿ ಅಂತ ಅರ್ಥ. ಕೂಲಿ, ನೀರು, ಬಾಲ್ಯವಿವಾಹ, ಎಲ್ಲದಕ್ಕೂ ಅವಳೇ ಬಾಯಿ ತೆರೆಯಬೇಕು. ಕೊಡುತ್ತಿದ್ದುದು ಸಂಬಳವಲ್ಲ, ಗೌರವಧನ. ಅದರಲ್ಲಿ ಗೌರವ ಎಷ್ಟಿತ್ತು ಅನ್ನೋದು ಮುಂದೆ ಗೊತ್ತಾಯಿತು.

1992ರ ಮೇ ತಿಂಗಳ ಅಕ್ಷಯ ತದಿಗೆಗೆ ಊರಿನ ಗುಜ್ಜರರ ಮನೆಯೊಂದರಲ್ಲಿ ಒಂಬತ್ತು ತಿಂಗಳ ಕೂಸಿಗೆ ಮದುವೆ. ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಕೂಡದು ಅಂತ ನಮ್ಮ ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಕಾನೂನಾಗಿತ್ತು. ಬ್ರಿಟಿಷ್ ಇಂಡಿಯಾಕ್ಕೆ 1929ರಲ್ಲಿ ಶಾರದಾ ಕಾಯಿದೆ ಬಂತು. ಕಾನೂನಿಗೇನೂ ಬರ ಇರಲಿಲ್ಲ ನೋಡಿ. ಆ ಮನೆಯ ಬಾಗಿಲಿಗೆ ಹೋಗಿ ಹೇಳುವ ಗುಂಡಿಗೆ ಬೇಕಿತ್ತು. ಭಂವರಿ ಹೋಗಿ ಹೇಳಿದಳು. ಪೊಲೀಸರು ಬಂದು ಹೋದರು. ಮದುವೆ ರಾತ್ರೋರಾತ್ರಿ ನಡೆದೇ ಹೋಯಿತು.

ಆಮೇಲೆ ಬಹಿಷ್ಕಾರ. ಆಕೆಯ ಮನೆಯ ಮಡಕೆ ಕೊಳ್ಳುವವರಿಲ್ಲ, ಹಾಲು ಕೊಡುವವರಿಲ್ಲ. ಆಕೆ ಕುಂಬಾರರವಳು. ಅಸ್ಪೃಶ್ಯ ಜಾತಿಯೇನಲ್ಲ, ಆದರೂ ಗುಜ್ಜರರಿಗೆ ಕುಂಬಾರರ ಹೆಣ್ಣು ಬುದ್ಧಿ ಹೇಳೋದಾ?

ಸೆಪ್ಟೆಂಬರ್ 22ರ ಸಂಜೆ ಹೊಲದಲ್ಲಿ ಗಂಡನನ್ನು ಹೊಡೆದು ಕೆಡವಿ ತನ್ನ ಮೇಲೆ ಅತ್ಯಾಚಾರ ಮಾಡಿದರು ಅಂತ ಆಕೆ ದೂರು ಕೊಟ್ಟಳು. ಹೆಸರಿಸಿದ್ದು ಐವರನ್ನು. ನಾಲ್ವರು ಗುಜ್ಜರರು, ಒಬ್ಬ ಬ್ರಾಹ್ಮಣ. ಹತ್ತಿರದ ಆಸ್ಪತ್ರೆಯಲ್ಲಿ ಪರೀಕ್ಷೆ ಆಗಲಿಲ್ಲ, ಜೈಪುರಕ್ಕೆ ಹೋಗು ಅಂದರು. ಜೈಪುರದಲ್ಲಿ ಮ್ಯಾಜಿಸ್ಟ್ರೇಟರ ಆದೇಶ ತಾ ಅಂದರು. ಇಪ್ಪತ್ತನಾಲ್ಕು ಗಂಟೆಯೊಳಗೆ ಆಗಬೇಕಿದ್ದ ಪರೀಕ್ಷೆ ಐವತ್ತೆರಡು ಗಂಟೆ ಕಳೆದ ಮೇಲೆ ಆಯಿತು. ಠಾಣೆಯಲ್ಲಿ ಉಟ್ಟ ಲಂಗವನ್ನೇ ಸಾಕ್ಷಿಗೆ ಬಿಚ್ಚಿಡು ಅಂದರು. ಗಂಡನ ರಕ್ತ ಮೆತ್ತಿದ ರುಮಾಲು ಸುತ್ತಿಕೊಂಡು ಸರ್ಕಾರದ ಗೆಳತಿ ನಡುರಾತ್ರಿ ಹೊರಬಿದ್ದಳು.

1995ರ ನವೆಂಬರ್ 15ರಂದು ಜೈಪುರದ ಸೆಷನ್ಸ್ ಕೋರ್ಟು ಐವರನ್ನೂ ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಕೊಟ್ಟ ಕಾರಣಗಳಲ್ಲಿ ಒಂದು: ಮೇಲ್ಜಾತಿಯ ಗಂಡಸರು ಕೆಳಜಾತಿಯ ಹೆಂಗಸನ್ನು ಹೀಗೆ ಮುಟ್ಟಲಾರರು. ಅದರಲ್ಲೂ ಬ್ರಾಹ್ಮಣ! ಅಲ್ಲಾ ಸ್ವಾಮಿ, ನಮ್ಮ ಕೇರಿಯ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು, ಮೈಲಿಗೆಗೂ ಹೊತ್ತುಗೊತ್ತು ಉಂಟು ಅಂತ. ಹಗಲಲ್ಲಿ ಬಾವಿ ಕಾಯುವ ಮಡಿ ಕತ್ತಲಾದ ಮೇಲೆ ಯಾವ ಗುಡಿಸಲ ಬಾಗಿಲಲ್ಲಿ ಚಪ್ಪಲಿ ಬಿಟ್ಟಿರುತ್ತದೆ ಅಂತ. ಹೆಣ್ಣನ್ನು ದೂರವಿಟ್ಟ ಜಾತಿಯೇ ಇಲ್ಲಿ ಗಂಡಸಿನ ಪರ ಸಾಕ್ಷಿ ನುಡಿಯಿತು.

ಹೆಣ್ಣುಮಕ್ಕಳ ಸಂಘಟನೆಗಳು ಸುಮ್ಮನಿರಲಿಲ್ಲ. ಕೆಲಸದ ಜಾಗದಲ್ಲಿ ಹೆಣ್ಣಿಗೆ ರಕ್ಷಣೆ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. 1997ರ ಆಗಸ್ಟ್ 13ರ ವಿಶಾಖಾ ತೀರ್ಪು ಬಂದದ್ದು ಹಾಗೆ. 2013ರ ಕಾಯಿದೆಯ ಬೇರೂ ಅಲ್ಲೇ ಇದೆ. ಇವತ್ತು ಆಫೀಸುಗಳ ಗೋಡೆ ಮೇಲೆ ದೂರು ಸಮಿತಿಯ ಬೋರ್ಡು ತೂಗುತ್ತಿದ್ದರೆ ಅದರ ಮೊಳೆ ಹೊಡೆದವಳು ಭಂವರಿ. ಆದರೆ ಆ ತೀರ್ಪಿನಲ್ಲಿ ಆಕೆಯ ಹೆಸರೇ ಇಲ್ಲ. ರಾಜಸ್ಥಾನದ ಹಳ್ಳಿಯೊಂದರ ಸಮಾಜ ಸೇವಕಿ ಅಂತ ಒಂದು ಸಾಲು. ಅದು ಬೇರೆ ಮೊಕದ್ದಮೆಯ ವಿಷಯ, ಇಲ್ಲಿ ಹೆಚ್ಚು ಹೇಳಬೇಕಿಲ್ಲ ಅಂತ ಇನ್ನೊಂದು.

ಆ ಬೇರೆ ಮೊಕದ್ದಮೆ ಮೇಲ್ಮನವಿಯಾಗಿ ಹೈಕೋರ್ಟಿನಲ್ಲಿತ್ತು. 2007ರ ಹೊತ್ತಿಗೆ ಅಲ್ಲಿ ನಡೆದಿದ್ದುದು ಒಂದೇ ಒಂದು ವಿಚಾರಣೆ. ಅಷ್ಟರಲ್ಲಿ ಐವರಲ್ಲಿ ಇಬ್ಬರು ತೀರಿಹೋಗಿದ್ದರು.