ಶಾಲೆಯ ರಂಗದ ಮೇಲೆ ಒಂದು ರಾಜ್ಯ

1957ರ ಜನವರಿ. ಕೇರಳವೆಂಬ ರಾಜ್ಯ ಹುಟ್ಟಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ತಿರುವಾಂಕೂರು, ಕೊಚ್ಚಿ, ಮಲಬಾರು ಎಂದು ಬೇರೆ ಬೇರೆ ಆಡಳಿತಗಳಡಿ ಬೆಳೆದಿದ್ದ ಜನ ಒಂದೇ ಹೆಸರಿನಡಿ ಬಂದಿದ್ದರು. ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಕಾಸರಗೋಡೂ ಅದರಲ್ಲಿ ಸೇರಿತ್ತು. ಹೊಸ ರಾಜ್ಯದ ಮೊದಲ ಚುನಾವಣೆ ಕೂಡ ನಡೆದಿರಲಿಲ್ಲ. ಅಷ್ಟರಲ್ಲೇ ಎರ್ನಾಕುಲಂನ ಬಾಲಕಿಯರ ಹೈಸ್ಕೂಲೊಂದರಲ್ಲಿ ರಾಜ್ಯದ ನಾನಾ ಕಡೆಯ ಸುಮಾರು 400 ಮಕ್ಕಳು ಸೇರಿ ಹಾಡಿದರು, ಕುಣಿದರು. ಒಂದೇ ದಿನದ ಕಾರ್ಯಕ್ರಮ; ಕೆಲವೇ ಸ್ಪರ್ಧೆಗಳು.

ಇದರ ಹಿಂದೆ ಇದ್ದವರು ಆಗಿನ ಶಿಕ್ಷಣ ಇಲಾಖೆಯ ನಿರ್ದೇಶಕ ಸಿ. ಎಸ್. ವೆಂಕಟೇಶ್ವರನ್. ದೆಹಲಿಯಲ್ಲಿ ನಡೆದ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವವನ್ನು ನೋಡಿ ಬಂದಿದ್ದ ಅವರಿಗೆ, ಕಾಲೇಜು ಹುಡುಗರಿಗೆ ಇರುವ ಇಂಥ ವೇದಿಕೆ ಶಾಲೆಯ ಮಕ್ಕಳಿಗೇಕೆ ಇರಬಾರದು ಎನ್ನಿಸಿತು. ಸರ್ಕಾರಿ ಅಧಿಕಾರಿಗಳಿಗೆ ಪ್ರವಾಸದಲ್ಲಿ ಹೊಳೆಯುವ ವಿಚಾರಗಳು ಸಾಮಾನ್ಯವಾಗಿ ಕಡತದಲ್ಲೇ ಮುಗಿಯುತ್ತವೆ. ಇದು ಮುಗಿಯಲಿಲ್ಲ. ಬಹುಕಾಲ ‘ಯುವಜನೋತ್ಸವ’ವೆಂದೇ ಕರೆಸಿಕೊಂಡು ಈಗ ‘ಕೇರಳ ಶಾಲಾ ಕಲೋತ್ಸವ’ವೆನಿಸಿರುವ ಅದು, 2025ರ ಹೊತ್ತಿಗೆ 249 ಸ್ಪರ್ಧೆಗಳು, 25 ವೇದಿಕೆಗಳು, ಐದು ದಿನಗಳ ಜಾತ್ರೆಯಾಗಿ ಬೆಳೆದಿತ್ತು. ಏಷ್ಯಾದಲ್ಲೇ ಇಷ್ಟು ದೊಡ್ಡದು ಇನ್ನೊಂದಿಲ್ಲವೆಂದು ಕೇರಳದವರು ಹೇಳಿಕೊಳ್ಳುವುದುಂಟು.

ಎರಡನೆಯ ವರ್ಷದ, ಅಂದರೆ 1958ರ ಉತ್ಸವದ ಒಂದು ಛಾಯಾಚಿತ್ರ ಇಂದಿಗೂ ಆಗಾಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಶಾಸ್ತ್ರೀಯ ಸಂಗೀತದಲ್ಲಿ ಬಹುಮಾನ ಪಡೆದ ತರುಣ ಹಾಡುತ್ತಿದ್ದಾನೆ; ಮೃದಂಗದಲ್ಲಿ ಬಹುಮಾನ ಪಡೆದ ಪುಟ್ಟ ಹುಡುಗ ಪಕ್ಕದಲ್ಲಿ ಕುಳಿತು ನುಡಿಸುತ್ತಿದ್ದಾನೆ. ಹಾಡುವವನು ಕೆ. ಜೆ. ಯೇಸುದಾಸ್, ಮೃದಂಗದವನು ಪಿ. ಜಯಚಂದ್ರನ್. ಮುಂದೆ ಇಬ್ಬರೂ ದಕ್ಷಿಣದ ಚಿತ್ರಗೀತೆಗಳ ಹೆಸರಾಂತ ಗಾಯಕರಾದರು. ‘ಅಮೃತ ಘಳಿಗೆ’ ಚಿತ್ರದ ಹಾಡು ಕೇಳಿದ ಕನ್ನಡಿಗರಿಗೆ ಜಯಚಂದ್ರನ್ ಅವರ ಕಂಠದ ಪರಿಚಯ ಬೇಕಿಲ್ಲ. ಆದರೆ ಆ ಚಿತ್ರದಲ್ಲಿ ನನ್ನನ್ನು ಸೆಳೆಯುವುದು ಅವರು ಮುಂದೆ ಪಡೆದ ಕೀರ್ತಿಯಲ್ಲ. ಬೇರೆ ಬೇರೆ ಊರಿನ, ಬೇರೆ ಬೇರೆ ಧರ್ಮದ ಇಬ್ಬರು ಶಾಲಾ ಹುಡುಗರು ಒಂದೇ ಕಛೇರಿಗೆ ಕೂರಲು ಒಂದು ಶಾಲಾ ವೇದಿಕೆ ಸಾಕಾಯಿತಲ್ಲ, ಅದು.

ಈ ಮಾತಿನ ತೂಕ ತಿಳಿಯಬೇಕಾದರೆ ಕೇರಳದ ಕಲೆಗಳ ಹಿನ್ನೆಲೆಯನ್ನು ಕೊಂಚ ನೋಡಬೇಕು. ಚಾಕ್ಯಾರ್ ಕೂತ್ತು ದೇವಸ್ಥಾನದ ಕೂತ್ತಂಬಲದೊಳಗೆ ಚಾಕ್ಯಾರ್ ಮನೆತನದವರು ಮಾತ್ರ ಆಡುತ್ತಿದ್ದ ಕಲೆ. ಪೈಂಕುಳಂ ರಾಮ ಚಾಕ್ಯಾರ್ ಅದನ್ನು ಗುಡಿಯ ಹೊರಗೆ ತಂದದ್ದು 1949ರಲ್ಲಿ. ಮಾರ್ಗಂಕಳಿ ಸಿರಿಯನ್ ಕ್ರೈಸ್ತರದು, ಒಪ್ಪನ ಮಾಪಿಳ್ಳೆ ಮುಸ್ಲಿಮರ ಮದುವೆ ಮನೆಯದು. ಒಂದೊಂದು ಕಲೆಗೂ ಒಂದೊಂದು ಅಂಗಳ, ಒಂದೊಂದು ಬೇಲಿ. ಮೋಹಿನಿಯಾಟ್ಟಂ, ಅಕ್ಷರಶ್ಲೋಕಗಳು 1975ರಲ್ಲಿ ಉತ್ಸವದ ಪಟ್ಟಿಗೆ ಸೇರಿದವು. ಉಳಿದವು ಹಿಂದೆ ಮುಂದೆ ಬಂದವು. ಒಮ್ಮೆ ಪಟ್ಟಿಗೆ ಸೇರಿತೆಂದರೆ ಅದು ಯಾವ ಶಾಲೆಯ ಯಾವ ಮಗುವಾದರೂ ಕಲಿಯಬಹುದಾದ ವಿದ್ಯೆಯಾಯಿತು. ಹಿಂದೂ ಹುಡುಗಿಯರು ಒಪ್ಪನದ ಮದುಮಗಳ ಸುತ್ತ ಚಪ್ಪಾಳೆ ತಟ್ಟಿದರು, ಮುಸ್ಲಿಂ ಮಕ್ಕಳು ಕಥಕಳಿಯ ಪದ ಹಾಡಿದರು. ಭಾಷಣಗಳಿಂದ ಆಗದ ಕೆಲಸ ಸ್ಪರ್ಧೆಯ ಪಟ್ಟಿಯಿಂದ ಆಯಿತು.

ಅದೇ ಸ್ಪರ್ಧೆ ಮುಂದೆ ಬೇರೆ ಆಟವನ್ನೂ ಆಡಿತು. ಜಿಲ್ಲೆಗಳ ನಡುವಿನ ಪೈಪೋಟಿ ಬಲಿತ ಮೇಲೆ, ಗೆದ್ದ ಜಿಲ್ಲೆಗೆ ಚಿನ್ನದ ಕಪ್ ಕೊಡಬೇಕೆಂದು ಸೂಚಿಸಿದವರು ಕವಿ ವೈಲೋಪ್ಪಿಳ್ಳಿ ಶ್ರೀಧರ ಮೇನೋನ್. ಸ್ವತಃ ಹೈಸ್ಕೂಲಿನ ಮಾಸ್ತರರಾಗಿದ್ದವರು. ಕಪ್ ತಯಾರಾಗುವ ಮೊದಲೇ, 1985ರ ಕೊನೆಯಲ್ಲಿ ಅವರು ತೀರಿಕೊಂಡರು. ನೂರಾ ಹದಿನೇಳೂವರೆ ಪವನಿನ, ಅಂದರೆ ಸುಮಾರು 940 ಗ್ರಾಂ ಚಿನ್ನದ ಆ ಕಪ್‌ನಲ್ಲಿ ಪುಸ್ತಕದ ಮೇಲೆ ಬಳೆ ತೊಟ್ಟ ಕೈಯೊಂದು ಶಂಖವನ್ನು ಎತ್ತಿ ಹಿಡಿದಿದೆ. ಅಷ್ಟು ಚಿನ್ನವನ್ನು ಶಾಲೆಯ ಗಾಜಿನ ಕಪಾಟಿನಲ್ಲಿ ಇಡಲಾದೀತೆ? ಅದರ ಕಾಯಂ ವಾಸ ಸರ್ಕಾರಿ ಖಜಾನೆಯಲ್ಲಿ.

ಜಿಲ್ಲೆಗೆ ಕಪ್ ಆದರೆ ಮಕ್ಕಳಿಗೆ ಬಿರುದು. 1986ರಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಹುಡುಗಿಗೆ ‘ಕಲಾತಿಲಕಂ’, ಹುಡುಗನಿಗೆ ‘ಕಲಾಪ್ರತಿಭಾ’ ಎಂಬ ಪಟ್ಟಗಳು ಬಂದವು. ಮೊದಲ ಕಲಾಪ್ರತಿಭಾ ವಿನೀತ್ ಸಿನಿಮಾ ನಟರಾದರು. 1992 ಮತ್ತು 1995ರಲ್ಲಿ ಕಲಾತಿಲಕಂ ಆದ ಮಂಜು ವಾರಿಯರ್ ಮಲಯಾಳಂ ಚಿತ್ರರಂಗದ ದೊಡ್ಡ ತಾರೆಯಾದರು. ಬಿರುದಿನ ಮುಂದಿನ ಮೆಟ್ಟಿಲು ಬೆಳ್ಳಿತೆರೆ ಎಂಬ ಭಾವನೆ ತಂದೆತಾಯಂದಿರಲ್ಲಿ ಬೇರೂರಿದ ಮೇಲೆ ಕೇಳಬೇಕೆ? ಒಂದು ಮಗುವಿನ ಹತ್ತು ನಿಮಿಷದ ನೃತ್ಯಕ್ಕೆ ಗುರುವಿನ ಸಂಭಾವನೆ, ಉಡುಗೆ, ಒಡವೆ, ಬಣ್ಣ, ಪಕ್ಕವಾದ್ಯ. ಇದ್ದವರು ಖರ್ಚು ಮಾಡಿದರು, ಇಲ್ಲದವರು ಸಾಲ ಮಾಡಿದರು. ಸೋತವರು ಮೇಲ್ಮನವಿ ಹಾಕಿದರು; ತೀರ್ಪುಗಾರರ ಮೇಲೆ ಸಂಶಯ, ಅಲ್ಲಿಂದ ನ್ಯಾಯಾಲಯದ ಮೆಟ್ಟಿಲು. ಎಸ್ಸೆಸ್ಸೆಲ್ಸಿಗೆ ಕೃಪಾಂಕ ಸಿಗುತ್ತದೆಂಬ ಆಸೆ ಇದಕ್ಕೆ ಇನ್ನಷ್ಟು ಗಾಳಿ ಹಾಕಿತು. ಕಡೆಗೆ 2006ರಲ್ಲಿ ಬಿರುದುಗಳನ್ನು ಕೈಬಿಟ್ಟು ಎ, ಬಿ, ಸಿ ಶ್ರೇಣಿಗಳ ಕ್ರಮ ತರಲಾಯಿತು. ಬೆಲ್ಲ ಕರಗಿದರೂ ಇರುವೆ ಹೋಗಲಿಲ್ಲ. ಚಿನ್ನದ ಕಪ್ ಇದ್ದೇ ಇತ್ತು, ಮೇಲ್ಮನವಿಗಳೂ ಇದ್ದವು. ನಮ್ಮಲ್ಲಿ ಈ ಶತಮಾನದ ಆರಂಭದಲ್ಲಿ ಶುರುವಾದ ‘ಪ್ರತಿಭಾ ಕಾರಂಜಿ’ಗೆ ಇಷ್ಟು ಚಿನ್ನ, ಇಷ್ಟು ಗದ್ದಲ ಎರಡೂ ಇಲ್ಲ. ಇಷ್ಟು ಜನರೂ ಬರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕನ್ನಡಿಗರು ಗಮನಿಸಬೇಕಾದ ಒಂದು ಮೂಲೆ ಈ ಉತ್ಸವದಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗಾಗಿ ಕನ್ನಡ ಕವಿತೆ ಹೇಳುವ ಮತ್ತು ಕನ್ನಡ ಭಾಷಣದ ಸ್ಪರ್ಧೆಗಳಿವೆ, ಯಕ್ಷಗಾನವೂ ಇದೆ. ಪಾರ್ತಿಸುಬ್ಬನ ಕುಂಬಳೆ ಇರುವುದು ಇದೇ ಜಿಲ್ಲೆಯಲ್ಲಿ ಎಂಬುದನ್ನು ನೆನೆದರೆ ಇದು ಯಾರೋ ಕೊಟ್ಟ ಭಿಕ್ಷೆಯಲ್ಲ, ಆ ನೆಲದ ಹಕ್ಕು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಗಂಟೆಯ ಲೆಕ್ಕಕ್ಕೆ ಇಳಿಸಿದಾಗ ಭಾಗವತರಿಗೂ ಅರ್ಥಧಾರಿಗೂ ಉಸಿರು ಕಟ್ಟುವುದು ನಿಜ. ಆದರೂ ತಿರುವನಂತಪುರದಲ್ಲೋ ಕೊಲ್ಲಂನಲ್ಲೋ ಚೆಂಡೆ ಕೇಳಿಸುವುದಾದರೆ ಅದು ಈ ಮಕ್ಕಳಿಂದಲೇ. 2019ರಲ್ಲಿ ಅರುವತ್ತನೆಯ ಉತ್ಸವ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು.

ಅದರ ಹಿಂದಿನ ವರ್ಷದ ಉತ್ಸವದ ಕಥೆ ಬೇರೆ. 2018ರ ಮಹಾಪ್ರವಾಹದ ನಂತರ, ಉತ್ಸವವನ್ನೇ ನಿಲ್ಲಿಸಬೇಕೆಂಬ ಮಾತು ಬಂದಿತ್ತು. ಕೊನೆಗೆ ಡಿಸೆಂಬರಿನಲ್ಲಿ ಆಲಪ್ಪುಳದಲ್ಲಿ ಮೆರವಣಿಗೆ, ಆಡಂಬರಗಳಿಲ್ಲದೆ ಮೂರೇ ದಿನದಲ್ಲಿ ಮುಗಿಸಿದರು. ಕೋವಿಡ್ ಬಂದಾಗ ಮಾತ್ರ ನಡೆಯಲಿಲ್ಲ. ಮತ್ತೆ ಪರದೆ ಎದ್ದದ್ದು 2023ರ ಜನವರಿಯಲ್ಲಿ, ಕೋಳಿಕೋಡಿನಲ್ಲಿ.

ಇಷ್ಟೆಲ್ಲ ಬೇಲಿ ಕಿತ್ತ ಉತ್ಸವದ ಪಟ್ಟಿಯಲ್ಲಿ ಆದಿವಾಸಿಗಳ ಕಲೆಗೆ ಜಾಗ ಸಿಕ್ಕಿದ್ದು 2025ರಲ್ಲಿ, 63ನೆಯ ಉತ್ಸವದಲ್ಲಿ! ಪಣಿಯ, ಇರುಳ, ಪಳಿಯ ನೃತ್ಯಗಳು, ಮಲಪುಲಯ ಆಟ್ಟಂ ಮತ್ತು ಮಂಗಲಂಕಳಿ. ಈ ಮಂಗಲಂಕಳಿ ಕಾಸರಗೋಡು ಸೀಮೆಯ ಮಾವಿಲರು, ವೇಟ್ಟುವರು ಮದುವೆಯ ಚಪ್ಪರದಲ್ಲಿ ತುಡಿ ಬಡಿಯುತ್ತ ಆಡುವ ಕುಣಿತ; ಮಾವಿಲರ ಹಾಡುಗಳು ತುಳುವಿನವು. ಇಷ್ಟು ತಡವೇಕಾಯಿತು ಎಂದು ಕೇಳುವ ಹಕ್ಕು ಆ ಮಕ್ಕಳಿಗಿದೆ. ಶಾಸ್ತ್ರಗ್ರಂಥವಿಲ್ಲದ ಕುಣಿತಕ್ಕೆ ಎ ಯಾವುದು, ಬಿ ಯಾವುದು ಎಂದು ಅಳೆಯುವವರು ಯಾರು ಎಂದೂ ಕೇಳಬಹುದು.

ಆ ವರ್ಷ ತ್ರಿಶೂರು 1008 ಅಂಕ ಗಳಿಸಿತು, ಪಾಲಕ್ಕಾಡು 1007. ಒಂದೇ ಅಂಕದ ಅಂತರದಲ್ಲಿ, 26 ವರ್ಷಗಳ ನಂತರ ಚಿನ್ನದ ಕಪ್ ತ್ರಿಶೂರಿಗೆ ಬಂತು. ಅದು ಜನವರಿ 8. ಮರುದಿನ ಸಂಜೆ ಅದೇ ತ್ರಿಶೂರಿನಲ್ಲಿ, 1958ರ ಆ ಮೃದಂಗದ ಹುಡುಗ ಜಯಚಂದ್ರನ್ ಕೊನೆಯುಸಿರೆಳೆದರು.