ಹತ್ಯಾದ ಅಂದ್ರ

ಸೈದಾಪುರದಲ್ಲಿ ರೈಲು ಹತ್ತುತ್ತಾರೆ, ಬಣವಿಗೆ ಬೆಂಕಿ ಹತ್ತುತ್ತದೆ, ಹುಡುಗರಿಗೆ ಚಟ ಹತ್ತುತ್ತದೆ. ರೋಗವೂ ಹತ್ತುವಂಥದ್ದೇ. ‘ಸನೇಕ ಬರಬ್ಯಾಡವ್ವ, ನೆಗಡಿ ನಿನಗೂ ಹತ್ತತದ’ ಎಂದು ಅಜ್ಜಿ ಮೊಮ್ಮಗಳನ್ನು ದೂರ ಕೂರಿಸುತ್ತಾಳೆ. ಹಳಗನ್ನಡದಲ್ಲಿ ಈ ‘ಹತ್ತು’ ಎಂಬುದು ‘ಪತ್ತು’. ತಮಿಳಿನ ‘ಪಟ್ರು’ ಇದರ ಒಡಹುಟ್ಟು, ಅಲ್ಲಿಯೂ ಬೆಂಕಿಗೆ ಇದೇ ಮಾತು. ನಮ್ಮ ಕಡೆ ಇದಕ್ಕೆ ಇನ್ನೊಂದು ಕೆಲಸವುಂಟು. ‘ಕೂಸು ಅಳಾಕ ಹತ್ಯಾದ’ ಎಂದರೆ ಅಳು ಶುರುವಾಗಿದೆ, ಇನ್ನೂ ನಿಂತಿಲ್ಲ.

ಪಠ್ಯಪುಸ್ತಕಕ್ಕೆ ಹತ್ತುವ ರೋಗವೆಲ್ಲ ‘ಅಂಟುರೋಗ’. ಆದರೆ ಅಂಟಿದ್ದು ಅಂಟಿದಲ್ಲೇ ಇರುತ್ತದೆ. ರೋಗಾಣುವಿನ ವರ್ತನೆಗೆ ‘ಹತ್ತು’ ಎಂಬುದೇ ಸರಿಯಾದ ಮಾತು.

ಉರಿಮೂತ್ರ ತರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನೇ ನೋಡಿ. ಅದರ ಮೈತುಂಬ ಸಣ್ಣ ಎಳೆಗಳು, ಎಳೆಯ ತುದಿಗೆ ಫಿಮ್‌ಎಚ್ ಎಂಬ ಪ್ರೋಟೀನು. ನಮ್ಮ ಜೀವಕೋಶಗಳ ಮೇಲಿರುವ ಮ್ಯಾನೋಸ್ ಎಂಬ ಸಕ್ಕರೆಯನ್ನು ಅದು ಹಿಡಿಯುತ್ತದೆ. ಮೂತ್ರದ ಹರಿವು ಎಳೆದರೆ ಹಿಡಿತ ಸಡಿಲಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ.

ಇದಕ್ಕಿಂತ ಬೆರಗಿನದು ಮ್ಯಾಕ್ರೋಫೇಜ್‌ನೊಳಗೆ ನಡೆಯುತ್ತದೆ. ರೋಗಾಣುವನ್ನು ನುಂಗಿ ಕೊಲ್ಲುವುದೇ ಈ ಕೋಶದ ಕೆಲಸ. ಪ್ರತಿಕಾಯಗಳು ಮೆತ್ತಿಕೊಂಡ ಇ. ಕೋಲಿಯನ್ನು ಅದು ನುಂಗಿದರೆ, ರೋಗಾಣು ಸೇರಿದ ಚೀಲ ಹುಳಿಯೇರಿ ಅದನ್ನು ಕೊಂದುಹಾಕುತ್ತದೆ. ಅದೇ ರೋಗಾಣು ಫಿಮ್‌ಎಚ್ ಮೂಲಕ, ಕೋಶದ ಮೇಲಿನ ಸಿಡಿ48 ಎಂಬ ಅಣುವನ್ನು ಹಿಡಿದು ಒಳಹೊಕ್ಕರೆ ಆ ಹುಳಿ ಅಷ್ಟಾಗಿ ಏರುವುದಿಲ್ಲ. ಕೊಲ್ಲಬೇಕಾದ ಕೋಶದೊಳಗೇ ಅದು ಉಳಿದುಬಿಡುತ್ತದೆ. 1997ರಲ್ಲಿ ಸೋಮನ್ ಅಬ್ರಹಾಂ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಸಾಯುವುದೋ ಉಳಿಯುವುದೋ ಎಂಬುದು ಏನನ್ನು ಹಿಡಿದು ಹತ್ತಿತು ಎಂಬುದರ ಮೇಲಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೋಶಕ್ಕ ಹತ್ತತದ, ಒಳಗ ಹೋಗಿ ಬದುಕಾಕ ಹತ್ತತದ.

ಹಾಗಾದರೆ ಮ್ಯಾನೋಸನ್ನೇ ತಿನ್ನಿಸಿ ಆ ಎಳೆಗಳ ಬಾಯಿ ಕಟ್ಟಬಹುದಲ್ಲ? ಬ್ರಿಟನ್ನಿನಲ್ಲಿ ಪದೇ ಪದೇ ಉರಿಮೂತ್ರವಾಗುವ ಸುಮಾರು 600 ಹೆಂಗಸರಲ್ಲಿ ಪರೀಕ್ಷೆ ಮಾಡಿದರು. 2024ರಲ್ಲಿ ಫಲಿತಾಂಶ ಬಂತು: ಉಪಯೋಗ ಕಾಣಲಿಲ್ಲ. ಹತ್ತದಂತೆ ತಡೆಯುವ ಬೇರೆ ಅಣುಗಳ ಹುಡುಕಾಟ ನಡೆದಿದೆ. ಅಲ್ಲಿಯವರೆಗೆ, ಬಿಸಿಲಲ್ಲಿ ಹತ್ತಿ ಬಿಡಿಸುತ್ತ, ಮರೆಯಿಲ್ಲವೆಂದು ನೀರನ್ನೇ ಕಡಿಮೆ ಕುಡಿದು ಉರಿಮೂತ್ರ ತಂದುಕೊಳ್ಳುವ ನಮ್ಮ ಹೆಂಗಸರಿಗೆ ಹೊಲದ ಸನೇಕ ಒಂದು ಪಾಯಖಾನೆ, ಒಂದು ಕೊಡ ನೀರು ಇಡಿಸುವ ಕೆಲಸವನ್ನು ಯಾವ ಸಂಶೋಧನೆಗೂ ಕಾಯದೆ ಮಾಡಬಹುದು.